ನಂಜಮ್ಮ, ಹಾರುವ ಓತಿ, ಕಾವೇರಿ: ಮೂವರಲ್ಲಿ ಯಾರು ಹಿಡಿದಿಡುತ್ತಾರೆ?

ಕನ್ನಡ ಕಾದಂಬರಿ ಯಾವುದರಿಂದ ಶುರು ಮಾಡಲಿ ಅಂತ ಕೇಳಿನೋಡಿ. ಒಬ್ಬರು ಭೈರಪ್ಪ ಅನ್ನುತ್ತಾರೆ. ಇನ್ನೊಬ್ಬರು ತೇಜಸ್ವಿ ಅನ್ನುತ್ತಾರೆ. ಇಬ್ಬರೂ ಸ್ವಲ್ಪ ಹೊತ್ತಿನಲ್ಲೇ ಜಗಳಕ್ಕೆ ಬೀಳುತ್ತಾರೆ. ಪಕ್ಕದಲ್ಲಿ ಅಮ್ಮನೋ ಅತ್ತೆಯೋ ಕೂತಿದ್ದರೆ ಮೆಲ್ಲಗೆ ತ್ರಿವೇಣಿ ಹೆಸರು ಹೇಳುತ್ತಾರೆ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಈ ಜಗಳದಲ್ಲಿ ನನಗೊಂದು ಅನುಮಾನ ಇತ್ತು. ನಾವು ಲೇಖಕರ ಬಗ್ಗೆ ವಾದ ಮಾಡುತ್ತೇವೆ, ಆದರೆ ಪುಸ್ತಕ ಕೈಯಲ್ಲಿದ್ದಾಗ ನಮ್ಮನ್ನು ಹಿಡಿದದ್ದು ಏನು ಅಂತ ಯೋಚಿಸುವುದಿಲ್ಲ. ಹಾಗಾಗಿ ಮೂವರದ್ದೂ ಒಂದೊಂದು ಕಾದಂಬರಿ ಬೆನ್ನುಬೆನ್ನಿಗೆ ಮತ್ತೆ ಓದಿದೆ: ಭೈರಪ್ಪನವರ ‘ಗೃಹಭಂಗ’, ತೇಜಸ್ವಿಯವರ ‘ಕರ್ವಾಲೊ’, ತ್ರಿವೇಣಿಯವರ ‘ಶರಪಂಜರ’. ನಾನು ಮುಗಿಸಿದ ಪ್ರತಿಗಳನ್ನೇ ಅತ್ತಿಗೆಗೆ, ಪಿಯುಸಿ ಓದುವ ಅಣ್ಣನ ಮಗಳಿಗೆ, ಆಫೀಸಿನ ಧಾರವಾಡದ ಗೆಳೆಯರಿಗೆ ಕೊಟ್ಟೆ. ಕತೆ ಏನು ಅಂತ ಯಾರಿಗೂ ಹೇಳಲಿಲ್ಲ. ಇಷ್ಟ ಆಗದಿದ್ದರೆ ಅರ್ಧಕ್ಕೇ ಬಿಡಿ ಅಂದಿದ್ದೆ.

ಮೊದಲು ‘ಗೃಹಭಂಗ’. 1970ರಲ್ಲಿ ಬಂದದ್ದು. ತಿಪಟೂರು, ಚನ್ನರಾಯಪಟ್ಟಣದ ಕಡೆಯ ಬಯಲುಸೀಮೆ ಹಳ್ಳಿ, ಶಾನುಭೋಗರ ಮನೆ. ಶುರುವಿನಿಂದಲೇ ಬೈಗುಳ. ಅತ್ತೆ ಗಂಗಮ್ಮನ ಬಾಯಿಂದ ಬರುವ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ನಮ್ಮ ಧಾರವಾಡದ ಗೆಳೆಯರು ಕೆಲವು ಪುಟ ಓದಿ ಬಂದು, “ಏನ್ರೀ ಸರ, ನಿಮ್ಮ ಕಡೆ ಸ್ವಂತ ಮಕ್ಕಳಿಗೂ ಹಿಂಗ ಬೈತಾರೇನ್ರೀ?” ಅಂತ ಕೇಳಿದರು. ಆದರೂ ಅವರು ಪುಸ್ತಕ ಕೆಳಗಿಡಲಿಲ್ಲ.

ಯಾಕೆ ಇಡಲಿಲ್ಲ ಅನ್ನುವುದೇ ನನಗೆ ಬೇಕಾದ ಪ್ರಶ್ನೆ. ಕತೆ ಅಂದರೆ ಕಷ್ಟದ ಮೇಲೆ ಕಷ್ಟ. ನಂಜಮ್ಮನ ಗಂಡ ಚೆನ್ನಿಗರಾಯನಿಗೆ ಊಟ ಬಿಟ್ಟರೆ ಬೇರೆ ಲೋಕವೇ ಇಲ್ಲ. ಮಕ್ಕಳಿಗೆ ಉಳಿದಿದೆಯೋ ಇಲ್ಲವೋ ನೋಡದೆ ತಿಂದು ಮುಗಿಸುವವನು. ಹೆಸರಿಗೆ ಶಾನುಭೋಗ ಅವನು, ಲೆಕ್ಕದ ಪುಸ್ತಕ ಬರೆಯುವವಳು ಅವಳು. ಮುತ್ತುಗದ ಎಲೆ ಹಚ್ಚಿ ಮಾರುತ್ತಾಳೆ. ಮಕ್ಕಳನ್ನು ಓದಿಸುತ್ತಾಳೆ. ಎಲ್ಲ ಒಂದು ದಾರಿಗೆ ಬಂತು ಅನ್ನುವಾಗ ಪ್ಲೇಗು ಬರುತ್ತದೆ. ಮಗಳು ಪಾರ್ವತಿ, ಮಗ ರಾಮಣ್ಣ ಇಬ್ಬರನ್ನೂ ಒಯ್ಯುತ್ತದೆ. ಈ ಸಾವುಗಳ ಬೇರು ಭೈರಪ್ಪನವರ ಬಾಲ್ಯದಲ್ಲೇ ಇದೆ. ಅವರ ಮನೆಯನ್ನೂ ಪ್ಲೇಗು ಹೀಗೇ ಹೊಕ್ಕಿತ್ತು. ಅವರ ಆತ್ಮಕತೆ ‘ಭಿತ್ತಿ’ ಓದಿದವರಿಗೆ ಇದು ಗೊತ್ತು.

ಇಷ್ಟೆಲ್ಲ ಬರೆಯುವಾಗ ಲೇಖಕರು ಒಂದು ಕಡೆಯೂ “ಅಯ್ಯೋ ಪಾಪ” ಅನ್ನುವುದಿಲ್ಲ. ಆ ಸಾವುಗಳ ಪುಟಗಳನ್ನು ಬೇಕಂತಲೇ ಮತ್ತೆ ನಿಧಾನವಾಗಿ ಓದಿದೆ. ಯಾರು ಬಂದರು, ಯಾರು ಬರಲಿಲ್ಲ, ಏನು ಔಷಧಿ ಕೊಟ್ಟರು, ಹೆಣ ಸಾಗಿಸಿದವರು ಯಾರು, ಬರೀ ಇಷ್ಟೇ. ನಂಜಮ್ಮ ಕೂಡ ಭಾಷಣ ಮಾಡುವುದಿಲ್ಲ. ಅಳುವ ಕೆಲಸ ಪೂರ್ತಿ ಓದುಗರ ಪಾಲಿಗೆ ಬರುತ್ತದೆ. ಅತ್ತಿಗೆ ಆ ಭಾಗ ಓದಿದ ರಾತ್ರಿ ಊಟ ಮಾಡಲಿಲ್ಲ. ಮಾರನೆಯ ದಿನ ಅವರು ಹೇಳಿದ್ದು ಒಂದೇ ಮಾತು: “ಆ ಚೆನ್ನಿಗರಾಯ ನನ್ನ ಕೈಗೆ ಸಿಗಬೇಕಿತ್ತು.”

ಇಲ್ಲಿ ಒಂದು ಅಡ್ಡಮಾತು. ಭೈರಪ್ಪನವರ ಅಭಿಮಾನಿಗಳು ಸಾಮಾನ್ಯವಾಗಿ ಮೊದಲು ಹೇಳುವುದು ‘ಪರ್ವ’, ‘ದಾಟು’, ‘ಆವರಣ’. ಅವರು ತತ್ತ್ವಶಾಸ್ತ್ರ ಕಲಿಸುತ್ತಿದ್ದವರು, ವಾದ ಕಟ್ಟುವುದು ಅವರಿಗೆ ಸಲೀಸು. ‘ಪರ್ವ’ದಲ್ಲಿ ಮಹಾಭಾರತದಿಂದ ವರ, ಶಾಪ, ಪವಾಡ ಎಲ್ಲ ತೆಗೆದು ಬರೀ ಮನುಷ್ಯರನ್ನು ಉಳಿಸಿದರು. ಅದೊಂದು ದೊಡ್ಡ ವಾದವೇ. 2007ರಲ್ಲಿ ‘ಆವರಣ’ ಬಂದಾಗ ಒಂದು ಮುದ್ರಣ ಮುಗಿಯುತ್ತಿದ್ದಂತೆ ಇನ್ನೊಂದು ಬರುತ್ತಿತ್ತು. ಓದಿದವರು ಎರಡು ಪಾಳೆಯವಾದರು. ಓದದವರೂ ಪಾಳೆಯ ಸೇರಿದರು. ಇಂಥ ಪುಸ್ತಕದ ಸೆಳೆತ ಸುಳ್ಳಲ್ಲ. ಒಪ್ಪಬೇಕು ಇಲ್ಲ ಬಡಿದಾಡಬೇಕು, ಸುಮ್ನೆ ಕೂರಲು ಬಿಡುವುದಿಲ್ಲ. ಆದರೆ ಅಲ್ಲಿ ಲೇಖಕರ ದನಿ ಪಾತ್ರಗಳ ದನಿಗಿಂತ ಜೋರು. ‘ಗೃಹಭಂಗ’ದಲ್ಲಿ ಅದೇ ಮನುಷ್ಯ ಬಾಯಿ ಮುಚ್ಚಿಕೊಂಡು ನೋಡುತ್ತಾ ನಿಂತಿದ್ದಾರೆ. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಕಾದಂಬರಿ ಇದು, ಕಾರಣವೂ ಇದೇ. ‘ಪರ್ವ’ದ ಅಭಿಮಾನಿಗಳು ಒಪ್ಪದಿದ್ದರೆ ಬಿಡಲಿ.

ಇಲ್ಲಿಂದ ‘ಕರ್ವಾಲೊ’ಗೆ ಹೋದರೆ ಮೈ ಹಗುರವಾಗುತ್ತದೆ. ನೂರು ಚಿಲ್ಲರೆ ಪುಟ, 1980ರ ಪುಸ್ತಕ. ಶುರುವಾಗುವುದು ಮೂಡಿಗೆರೆಯ ಜೇನು ಸೊಸೈಟಿಯಿಂದ, ಜೇನುತುಪ್ಪ ತರಲು ಹೋದ ಕತೆಯಿಂದ. ಅಲ್ಲಿಂದ ವಿಜ್ಞಾನಿ ಕರ್ವಾಲೊ, ಊರವರ ಕಣ್ಣಿಗೆ ಬರೀ ಉಂಡಾಡಿಯಾದ ಮಂದಣ್ಣ, ಬಿರಿಯಾನಿ ಕರಿಯಪ್ಪ, ಫೋಟೊ ತೆಗೆಯುವ ಪ್ರಭಾಕರ, ಕಿವಿ ಅನ್ನುವ ನಾಯಿ. ಇವರೆಲ್ಲ ಸೇರಿ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ.

ಅಣ್ಣನ ಮಗಳಿಗೆ ಮೊದಲು ಕೊಟ್ಟದ್ದು ಇದನ್ನೇ. ಶಾಲೆಯ ಪಾಠ ಬಿಟ್ಟರೆ ಅವಳು ಕನ್ನಡ ಓದಿದವಳಲ್ಲ. ಕೋಣೆಯಿಂದ ನಗು ಕೇಳಿಸಿತು. ಮಂದಣ್ಣನ ಮದುವೆಯ ಗಲಾಟೆ ನಡೆಯುವ ಭಾಗ ಇರಬೇಕು ಅಂದುಕೊಂಡೆ, ಅದೇ ಆಗಿತ್ತು. ತೇಜಸ್ವಿಯವರ ನಗು ವಿಚಿತ್ರ. ತಮಾಷೆ ಮಾಡುತ್ತೇನೆ ಅಂತ ಅವರು ಹೊರಡುವುದಿಲ್ಲ. ಕಂಡದ್ದನ್ನು ಗಂಭೀರವಾಗಿ ಹೇಳುತ್ತಾರೆ, ನಗು ತಾನಾಗಿ ಬರುತ್ತದೆ. ಭಾಷೆಯೂ ಹಾಗೆ. ಒಂದು ವಾಕ್ಯವನ್ನು ಎರಡು ಸಲ ಓದುವ ಪ್ರಸಂಗ ಬರುವುದಿಲ್ಲ.

ಅವರ ದೊಡ್ಡ ಜಾಣತನ ಅಂದರೆ ನಿರೂಪಕನಿಗೆ ನಮ್ಮಷ್ಟೇ ಗೊತ್ತಿರುವುದು. ಅವನೂ ತೋಟ, ಕೂಲಿ, ಬೆಳೆ ಅಂತ ತಲೆ ಕೆಡಿಸಿಕೊಂಡ ರೈತ. ಕರ್ವಾಲೊ ಏನು ಹೇಳುತ್ತಿದ್ದಾರೆ ಅಂತ ಅವನಿಗೂ ಮೊದಲು ಅರ್ಥವಾಗುವುದಿಲ್ಲ. ಮಂದಣ್ಣನ ಕಣ್ಣಿಗೆ ಕಾಡು ಎಷ್ಟು ಸ್ಪಷ್ಟ ಅಂತ ಕರ್ವಾಲೊಗೆ ಗೊತ್ತಾದ ಮೇಲೆ ನಿರೂಪಕನಿಗೆ ಗೊತ್ತಾಗುತ್ತದೆ, ಅದಾದ ಮೇಲೆ ನಮಗೆ. ಜೀವವಿಕಾಸದಂಥ ವಿಷಯವನ್ನು ಪಾಠದ ವಾಸನೆ ಬರದ ಹಾಗೆ ಹೇಳಲು ಇದೇ ದಾರಿ.

ಕೊನೆಗೆ ಓತಿ ಸಿಗುತ್ತದೆ, ಆದರೆ ಸಿಗುವುದಿಲ್ಲ. ಎಲ್ಲರ ಕಣ್ಣೆದುರೇ ಘಟ್ಟದ ಕಣಿವೆಯ ಕಡೆ ತೇಲಿ ಹೋಗಿಬಿಡುತ್ತದೆ. ಹುಡುಗಿ ಪುಸ್ತಕ ಹಿಡಿದು ಬಂದು, “ಚಿಕ್ಕಪ್ಪ, ಮುಂದಿನ ಪುಟಗಳು ಕಿತ್ತುಹೋಗಿವೆಯಾ?” ಅಂದಳು. ಇಲ್ಲ ಅಂದೆ. ಸಿಟ್ಟು ಬಂತು ಅವಳಿಗೆ. ಆಮೇಲೆ ಅದೇ ಓತಿಯ ಫೋಟೊಗಳನ್ನು ಹುಡುಕುತ್ತಾ ಕೂತಳು. ಭೈರಪ್ಪ ದುಃಖದ ಬಗ್ಗೆ ಸುಮ್ಮನಿದ್ದರೆ, ತೇಜಸ್ವಿ ಉತ್ತರದ ಬಗ್ಗೆ ಸುಮ್ಮನಾಗುತ್ತಾರೆ. ಹುಡುಕಾಟವನ್ನು ನಮ್ಮ ಕೈಗೆ ದಾಟಿಸಿಬಿಡುತ್ತಾರೆ. ಅವರನ್ನು ಓದಿದವರು ಕ್ಯಾಮೆರಾ ಕೊಳ್ಳುವುದು, ಹಕ್ಕಿ ನೋಡಲು ಹೋಗುವುದು, ಮೂಡಿಗೆರೆಗೆ ಬೈಕ್ ಹತ್ತುವುದು ಎಲ್ಲ ಇದರಿಂದಲೇ ಅಂತ ನನ್ನ ಲೆಕ್ಕ. 2023ರಲ್ಲಿ ಅವರ ಕತೆಯೊಂದು ‘ಡೇರ್‌ಡೆವಿಲ್ ಮುಸ್ತಾಫಾ’ ಅನ್ನುವ ಸಿನಿಮಾ ಆದಾಗ ದುಡ್ಡು ಹಾಕಿದವರು ಅವರ ಓದುಗರೇ. ತೀರಿಕೊಂಡು ಹದಿನಾರು ವರ್ಷದ ಮೇಲೆ! ಕನ್ನಡದಲ್ಲಿ ಇನ್ಯಾವ ಕಾದಂಬರಿಕಾರರಿಗೆ ಇಂಥ ಓದುಗರಿದ್ದಾರೆ?

ಧಾರವಾಡದ ಗೆಳೆಯರಿಗೆ ಮಾತ್ರ ‘ಕರ್ವಾಲೊ’ ಅಷ್ಟಾಗಿ ಹತ್ತಲಿಲ್ಲ. “ಛೊಲೊ ಐತಿ, ಆದ್ರ ಹೊಟ್ಟಿ ತುಂಬಲಿಲ್ಲ ನೋಡ್ರಿ” ಅಂದರು. ಅವರ ಮಾತಿನಲ್ಲಿ ಹುರುಳಿದೆ. ಮನುಷ್ಯರ ಒಳಗಿನ ನೋವನ್ನು ತೇಜಸ್ವಿ ಜಾಸ್ತಿ ಕೆದಕುವುದಿಲ್ಲ. ಅದರಲ್ಲೂ ಹೆಂಗಸರು ಇಲ್ಲಿ ಬಂದು ಹೋಗುವವರಷ್ಟೇ. ಮಂದಣ್ಣನ ರಾಮಿ ಏನು ಯೋಚಿಸುತ್ತಿದ್ದಳು ಅಂತ ನಮಗೆ ಕೊನೆಗೂ ಗೊತ್ತಾಗುವುದಿಲ್ಲ.

ಆ ಕೊರತೆ ಅನುಭವಕ್ಕೆ ಬಂದ ಮೇಲೆ ‘ಶರಪಂಜರ’ ತೆಗೆದರೆ ಬೇರೆಯದೇ ಲೋಕ. ತ್ರಿವೇಣಿಯವರ ಬಗ್ಗೆ ನಾವು ಆಡುವ ಮಾತು ಯಾವಾಗಲೂ ಸ್ವಲ್ಪ ಅಸಡ್ಡೆಯದು: ಹೆಂಗಸರ ಕಾದಂಬರಿ, ಮಧ್ಯಾಹ್ನದ ಓದು, ಸಿನಿಮಾ ಕತೆ. 1928ರಲ್ಲಿ ಹುಟ್ಟಿ 1963ರಲ್ಲೇ ತೀರಿಕೊಂಡವರು. ಮನಃಶಾಸ್ತ್ರ ಓದಿದವರು. ಅಷ್ಟು ಚಿಕ್ಕ ಆಯುಷ್ಯದಲ್ಲಿ ಇಪ್ಪತ್ತರ ಹತ್ತಿರ ಕಾದಂಬರಿ ಬರೆದರು. ಪುಟ್ಟಣ್ಣ ಕಣಗಾಲರು ‘ಬೆಳ್ಳಿಮೋಡ’ವನ್ನೂ ‘ಶರಪಂಜರ’ವನ್ನೂ ಸಿನಿಮಾ ಮಾಡಿದರು. 1971ರ ‘ಶರಪಂಜರ’ ಸಿನಿಮಾದ ನಟಿ ಕಲ್ಪನಾ ಮುಖ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ ಪುಸ್ತಕ ಓದುವಾಗಲೂ ನಾಯಕಿ ಕಾವೇರಿ ಅದೇ ಸೀರೆ ಉಟ್ಟು ಬರುತ್ತಾಳೆ. ಪುಸ್ತಕಕ್ಕೆ ಇದರಿಂದ ಅನ್ಯಾಯವೇ ಆಗಿದೆ. ಸಿನಿಮಾ ನೋಡಿದವರು ಕಾದಂಬರಿ ಓದಿದಷ್ಟೇ ಸಮಾಧಾನಪಟ್ಟು ಸುಮ್ಮನಾಗುತ್ತಾರೆ.

ಕಾದಂಬರಿಯ ಭಯಂಕರ ಭಾಗ ಕಾವೇರಿಗೆ ಬಾಣಂತನದಲ್ಲಿ ಹುಚ್ಚು ಹಿಡಿಯುವುದಲ್ಲ, ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರುವುದು. ಅಲ್ಲಿಂದ ಅವಳ ಒಂದೊಂದು ನಡೆಗೂ ಬೇರೆಯವರ ಕಣ್ಣು. ಜೋರಾಗಿ ನಕ್ಕರೆ ಅನುಮಾನ. ಸುಮ್ಮನಿದ್ದರೂ ಅನುಮಾನ. ಗಂಡ ಸತೀಶ ಕೆಟ್ಟವನಲ್ಲ ಅಂತಲೇ ಬಹಳ ಹೊತ್ತು ಅನ್ನಿಸುತ್ತದೆ. ಅದಕ್ಕೇ ಹೆದರಿಕೆ. ಮಾತು ಸರಳ, ಜಾಗ ಒಂದು ಮನೆಯ ನಾಲ್ಕು ಗೋಡೆ, ಹೆಚ್ಚೆಂದರೆ ಪಕ್ಕದ ಮನೆ. ಆದರೆ ನೂರು ಪುಟ ದಾಟುವಷ್ಟರಲ್ಲಿ ನಾನೇ ಅವಳನ್ನು ಅನುಮಾನದಿಂದ ನೋಡುತ್ತಿದ್ದೆ, ಈ ಮಾತು ಸ್ವಲ್ಪ ಹೆಚ್ಚಾಯ್ತಲ್ವಾ ಅಂತ. ತ್ರಿವೇಣಿ ಓದುಗರನ್ನು ನೆಂಟರಿಷ್ಟರ ಸಾಲಿನಲ್ಲೇ ಕೂರಿಸಿಬಿಟ್ಟಿದ್ದಾರೆ. ಹಾಗೆ ಕೂರಿಸಿದ್ದು ಗೊತ್ತಾಗುವುದು ತಡವಾಗಿ.

ಕುಂದು ಇಲ್ಲ ಅಂತಲ್ಲ. ಕೆಲವು ಕಡೆ ಪಾತ್ರಗಳು ಮನಸ್ಸಿನಲ್ಲಿದ್ದದ್ದನ್ನೆಲ್ಲ ಬಾಯಿಬಿಟ್ಟು ಹೇಳಿಬಿಡುತ್ತವೆ. ಸಂಭಾಷಣೆ ಆ ಕಾಲದ ನಾಟಕದ ಹಾಗೆ ಕೇಳಿಸುತ್ತದೆ. ಅಣ್ಣನ ಮಗಳು ಮೊದಲು ಇದನ್ನೇ ಹಿಡಿದು ಆಡಿಕೊಂಡಳು. ಅರ್ಧಕ್ಕೆ ಬಂದ ಮೇಲೆ ಆಡಿಕೊಳ್ಳುವುದು ನಿಂತಿತು. ಬಾಣಂತಿಯರ ಮನಸ್ಸಿನ ಕಾಯಿಲೆ ಬಗ್ಗೆ ಈಗ ಎಲ್ಲರೂ ಮಾತಾಡುತ್ತಾರೆ, ಇವರು ಆಗಲೇ ಬರೆದಿದ್ದಾರಾ ಅಂತ ಕೇಳಿದಳು. ಅತ್ತಿಗೆಯದು ಬೇರೆ ದಾರಿ. ಅವರು ಇದನ್ನು ಮದುವೆಗೆ ಮುಂಚೆ ಓದಿದ್ದರಂತೆ. ಆಗ ಪ್ರೇಮಕತೆ ಅನ್ನಿಸಿತ್ತಂತೆ. “ಈಗ ಓದಿದರೆ ಗೂಢಚಾರರ ಕತೆ ಓದಿದ ಹಾಗಿದೆ ಕಣೋ, ಮನೆ ತುಂಬಾ ಗೂಢಚಾರರೇ” ಅಂದರು. ಯಾವ ವಿಮರ್ಶಕರೂ ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಓದಿಲ್ಲ.

ನಾಲ್ಕನೆಯದಾಗಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕೂಡ ಸೇರಿಸುವ ಆಸೆ ಇತ್ತು. ಯಾರಿಗೂ ಮುಗಿಸಲಾಗಲಿಲ್ಲ, ಗೆಳೆಯರು ಗುತ್ತಿ ಮತ್ತು ಅವನ ನಾಯಿ ಹುಲಿಯನ ಜೊತೆ ಸ್ವಲ್ಪ ದೂರ ನಡೆದು ವಾಪಸ್ ಬಂದರು. ಅದನ್ನು ಈ ಮೂರರ ಪಕ್ಕ ಇಡುವುದೇ ತಪ್ಪು. ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಮೊದಲೇ ಹೇಳಿ ಶುರುವಾಗುವ ಪುಸ್ತಕ ಅದು, ಒಬ್ಬರ ಬೆನ್ನು ಹತ್ತಿ ಓಡುವ ಓದಿಗೆ ಸಿಗುವುದಿಲ್ಲ. ಮೈಸೂರಿನಲ್ಲಿ ಅದು ರಾತ್ರಿಯಿಡೀ ನಡೆಯುವ ನಾಟಕವಾದಾಗ ಜನ ಬೆಳಗಿನವರೆಗೆ ಕೂತು ನೋಡಿದರು. ಹಾಗಾಗಿ ಸೆಳೆತ ಇಲ್ಲ ಅನ್ನುವಂತಿಲ್ಲ, ಅದಕ್ಕೆ ಬೇಕಾದ ಪುರುಸೊತ್ತು ನಮ್ಮಲ್ಲಿಲ್ಲ.

ಲೇಖಕರ ಹೆಸರಿನ ಸೆಳೆತವನ್ನೂ ನೋಡಬೇಕು. ಭೈರಪ್ಪನವರು 2025ರ ಸೆಪ್ಟೆಂಬರಿನಲ್ಲಿ ತೀರಿಕೊಳ್ಳುವವರೆಗೂ ಒಂದಲ್ಲ ಒಂದು ಚರ್ಚೆಯ ನಡುವೆ ಇದ್ದರು. ಉಮಾ ಕುಲಕರ್ಣಿಯವರ ಅನುವಾದಗಳಿಂದ ಮರಾಠಿಯವರು ಅವರನ್ನು ತಮ್ಮವರೇ ಅಂದುಕೊಂಡಿದ್ದಾರೆ. ಕಟ್ಟುಮಸ್ತಾದ ಕತೆ ಯಾವ ಭಾಷೆಗೆ ಹೋದರೂ ನಿಲ್ಲುತ್ತದೆ. ತೇಜಸ್ವಿಯವರ ಮಾತಿನ ಧಾಟಿ ಹಾಗೆ ಸುಲಭವಾಗಿ ಗಡಿ ದಾಟುವುದಿಲ್ಲ. ಮಂದಣ್ಣ ಕನ್ನಡ ಬಿಟ್ಟು ಬೇರೆ ಏನು ಮಾತಾಡಿದರೂ ಅರ್ಧ ಮಂದಣ್ಣ. ಆದರೆ ಇಲ್ಲಿ ಅವರೇ ಒಂದು ಪಾತ್ರ: ಗಡ್ಡ, ಸ್ಕೂಟರು, ಗಾಳ, ಕ್ಯಾಮೆರಾ. ತ್ರಿವೇಣಿಯವರಿಗೆ ಇಂಥ ಯಾವ ಚಿತ್ರವೂ ಇಲ್ಲ. ಪರವಾಗಿ ವಾದ ಮಾಡುವ ಬಳಗವೂ ಇಲ್ಲ. ಕೈಯಿಂದ ಕೈಗೆ, ಅಮ್ಮನಿಂದ ಮಗಳಿಗೆ ಬಂದೇ ಅವರು ಉಳಿದಿದ್ದಾರೆ. ಮೂವರಲ್ಲಿ ಬರೀ ಪುಟದ ಬಲದಿಂದ ನಿಂತವರು ಅವರೊಬ್ಬರೇ ಅಂತ ನನಗೆ ಅನ್ನಿಸುತ್ತದೆ.

ಈಗ ಯಾರಾದರೂ ಕೇಳಿದರೆ ನಾನು ಲೇಖಕರ ಹೆಸರು ಹೇಳುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಓದಿದ ಮೇಲೆ ಏನಾಗಬೇಕು? ಹೊರಗೆ ಹೋಗಿ ಏನಾದರೂ ನೋಡಬೇಕು ಅನ್ನಿಸಬೇಕಿದ್ದರೆ ‘ಕರ್ವಾಲೊ’. ಕನ್ನಡದ ಓದು ಕೈತಪ್ಪಿದವರಿಗೂ ಅದೇ. ‘ಗೃಹಭಂಗ’ವನ್ನು ಪರೀಕ್ಷೆ, ಬಾಣಂತನ, ಮನೆಯಲ್ಲಿ ಕಾಯಿಲೆ ಇರುವ ಕಾಲದಲ್ಲಿ ಕೊಡುವುದಿಲ್ಲ, ರಜೆ ಇದ್ದಾಗ ಕೊಡುತ್ತೇನೆ. ‘ಶರಪಂಜರ’ವನ್ನು ಗಂಡಸರಿಗೆ ಒತ್ತಾಯ ಮಾಡಿ ಕೊಡುತ್ತೇನೆ. ಧಾರವಾಡದ ಗೆಳೆಯರು ಅದನ್ನು ಇನ್ನೂ ವಾಪಸ್ ಕೊಟ್ಟಿಲ್ಲ. ಅವರ ಮನೆಯವರು ಓದುತ್ತಿದ್ದಾರಂತೆ, ಆಮೇಲೆ ನಾದಿನಿಯ ಸರದಿಯಂತೆ. ನಾನು ಇನ್ನೊಂದು ಪ್ರತಿ ತರಬೇಕು.