ಉಟ್ರೆಕ್ಟ್ ನಿಲ್ದಾಣದ ಸೈಕಲ್ ಸ್ಟ್ಯಾಂಡ್: ಹೊಸದಾಗಿ ಬಂದ ಕನ್ನಡಿಗರು ಮೊದಲು ಬಳಸಬೇಕಾದ ಸೌಕರ್ಯ

ನೆದರ್ಲೆಂಡ್ಸ್‌ನ ಉಟ್ರೆಕ್ಟ್ ಸೆಂಟ್ರಲ್ ರೈಲು ನಿಲ್ದಾಣದ ಮುಂದಿನ ಚೌಕದ ಕೆಳಗೆ ಮೂರು ಅಂತಸ್ತುಗಳಲ್ಲಿ ಸುಮಾರು 12,500 ಸೈಕಲ್‌ಗಳನ್ನು ನಿಲ್ಲಿಸುವ ಸ್ಟ್ಯಾಂಡ್ ಇದೆ. 2017ರಲ್ಲಿ ಭಾಗಶಃ ತೆರೆದು 2019ರಲ್ಲಿ ಪೂರ್ಣಗೊಂಡ ಇದನ್ನು ಜಗತ್ತಿನ ಅತಿ ದೊಡ್ಡ ಸೈಕಲ್ ಸ್ಟ್ಯಾಂಡ್ ಎಂದು ನೋಡಲು ಬರುವ ಪ್ರವಾಸಿಗರು ಬಹಳ. ಆದರೆ ಓದಲು ಅಥವಾ ಕೆಲಸಕ್ಕೆಂದು ಬಂದು ಈ ಊರಿನ ಸೈಕಲ್ ಬಾಳುವೆಯಲ್ಲಿ ತಾವೂ ಒಬ್ಬರಾಗಬೇಕೆಂದಿರುವ ಕನ್ನಡಿಗರಿಗೆ ಇದರ ಗಾತ್ರಕ್ಕಿಂತ ಇದರ ಏರ್ಪಾಡು ಮುಖ್ಯವೆಂದು ತಿಳಿದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಇಲ್ಲಿ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗಬೇಕಾಗಿಲ್ಲ. ರಸ್ತೆಯಿಂದಲೇ ಇಳಿಜಾರಿನ ದಾರಿ ಒಳಗೆ ಸಾಗುತ್ತದೆ. ತುಳಿಯುತ್ತಲೇ ಬಂದು, ರೈಲು-ಬಸ್ಸುಗಳಿಗೆ ಬಳಸುವ ಕಾರ್ಡ್ ತೋರಿಸಿ, ಯಾವ ಸಾಲಿನಲ್ಲಿ ಜಾಗ ಖಾಲಿ ಇದೆ ಎಂದು ಹೇಳುವ ಫಲಕಗಳನ್ನು ನೋಡಿಕೊಂಡು ತಿರುಗಿದರಾಯಿತು. ಮೊದಲ 24 ಗಂಟೆಗೆ ಶುಲ್ಕವಿಲ್ಲ, ಆಮೇಲಿನ ದಿನಗಳಿಗೆ ಮಾತ್ರ ದಿನದ ಲೆಕ್ಕದಲ್ಲಿ ಶುಲ್ಕ ಎಂಬ ವ್ಯವಸ್ಥೆಯ ಹಿಂದಿನ ಲೆಕ್ಕಾಚಾರ ಮೆಚ್ಚುವಂಥದ್ದು: ದಿನಾ ಬಂದು ಹೋಗುವವರಿಗೆ ಹೊರೆಯಿಲ್ಲ, ತಂದು ಬಿಟ್ಟು ಮರೆತುಬಿಡುವವರಿಗೆ ಮಾತ್ರ ಖರ್ಚು. ನಿಲ್ಲಿಸುವ ಚೌಕಟ್ಟುಗಳು ಎರಡು ಸಾಲಿನವು. ಮೇಲಿನ ಸಾಲಿನ ಹಳಿಯನ್ನು ಹಿಡಿ ಹಿಡಿದು ಎಳೆದರೆ ಅದರ ತುದಿ ನೆಲದತ್ತ ಬಾಗುತ್ತದೆ. ಮುಂದಿನ ಚಕ್ರವನ್ನು ಅದರ ಮೇಲಿಟ್ಟು, ಸೈಕಲ್ಲನ್ನು ಮುಂದಕ್ಕೆ ಸರಿಸಿ, ಹಳಿಯನ್ನು ಎತ್ತಿ ಒಳಕ್ಕೆ ನೂಕಬೇಕು. ಹಗುರವಾದ ಸೈಕಲ್ಲಿಗೆ ಇದು ಸುಲಭ. ಬ್ಯಾಟರಿ ಇರುವ ಭಾರದ ಸೈಕಲ್ಲಿಗೆ ಕೆಳಸಾಲೇ ಸರಿ. ಮಕ್ಕಳನ್ನು ಕೂರಿಸಿಕೊಳ್ಳುವ ಪೆಟ್ಟಿಗೆಯ ಸೈಕಲ್‌ಗಳಿಗೆ ಪ್ರತ್ಯೇಕ ಜಾಗವಿದೆ.

ಸ್ವಲ್ಪ ಹೊತ್ತು ನಿಂತು ನೋಡಿದರೆ ಬರುವವರು ಯಾರು ಎಂಬುದು ಗೊತ್ತಾಗುತ್ತದೆ. ಕೋಟು ತೊಟ್ಟ ಕಚೇರಿಯವರು, ತರಕಾರಿ ಚೀಲ ತೂಗಿಸಿಕೊಂಡ ವಯಸ್ಸಾದವರು, ಗೆಳತಿಯನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಡಬಲ್ಸ್ ಬರುವ ವಿದ್ಯಾರ್ಥಿಗಳು. ಬಹುತೇಕರ ತಲೆಯ ಮೇಲೆ ಹೆಲ್ಮೆಟ್ ಇಲ್ಲ, ಮೈಮೇಲೆ ಕ್ರೀಡಾ ಉಡುಪೂ ಇಲ್ಲ. ಇದು ಹವ್ಯಾಸಿಗಳ ಕೂಟವಲ್ಲ, ಸೇರಲು ಯಾವ ಸದಸ್ಯತ್ವವೂ ಬೇಡ. ಹಾಗೆಂದು ಇದು ತಾನಾಗಿ ಬೆಳೆದು ಬಂದದ್ದೂ ಅಲ್ಲ. 1971ರಲ್ಲಿ ಈ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತಿದ್ದರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳಿದ್ದರು. ತಂದೆತಾಯಂದಿರು ಬೀದಿಗಿಳಿದ ಮೇಲೆಯೇ ಆಡಳಿತದ ದಿಕ್ಕು ಬದಲಾದದ್ದು. ನಿಲ್ದಾಣದ ಪಕ್ಕದಲ್ಲೇ ಇದಕ್ಕೆ ಸಾಕ್ಷಿಯಿದೆ: ಎಪ್ಪತ್ತರ ದಶಕದಲ್ಲಿ ಕಾರುಗಳ ಹೆದ್ದಾರಿಗಾಗಿ ಬರಿದು ಮಾಡಿದ್ದ ಕಾಲುವೆಯನ್ನು ಮತ್ತೆ ಅಗೆದು, 2020ರಲ್ಲಿ ಪೂರ್ತಿಯಾಗಿ ನೀರು ಹರಿಸಿದ್ದಾರೆ. ಅಂಥ ಊರು ಕಟ್ಟಿದ ಸ್ಟ್ಯಾಂಡ್ ಇದು ಎಂಬ ಕಾರಣಕ್ಕೇ ನನಗೆ ಇದರ ಮೇಲೆ ಇಷ್ಟು ಅಭಿಮಾನ.

ಹೊಸಬರು ದುಬಾರಿ ಸೈಕಲ್ ಕೊಳ್ಳುವ ಅಗತ್ಯ ಖಂಡಿತ ಇಲ್ಲ. ಹಿಂದಕ್ಕೆ ತುಳಿದರೆ ಬ್ರೇಕ್ ಹಿಡಿಯುವ, ಚೈನ್‌ಕವರ್ ಇರುವ, ಗೇರಿಲ್ಲದ ಸೆಕೆಂಡ್ ಹ್ಯಾಂಡ್ ಸೈಕಲ್ ಈ ಸಮತಟ್ಟಾದ ಊರಿಗೆ ಧಾರಾಳವಾಗಿ ಸಾಕು. ಉಳಿದ ಹಣವನ್ನು ಗಟ್ಟಿ ಸರಪಳಿ ಬೀಗಕ್ಕೆ ಹಾಕಬೇಕು. ಹಿಂದಿನ ಚಕ್ರದ ಬೀಗವೊಂದನ್ನೇ ನಂಬಿದರೆ ಸೈಕಲ್ಲನ್ನು ಎತ್ತಿಕೊಂಡೇ ಹೋಗುವವರಿದ್ದಾರೆ. ಕತ್ತಲಾದ ಮೇಲೆ ಮುಂದೆ ಬಿಳಿ ಅಥವಾ ಹಳದಿ, ಹಿಂದೆ ಕೆಂಪು ದೀಪ ಕಡ್ಡಾಯ. 2019ರ ಜುಲೈ 1ರಿಂದ ಸವಾರಿಯಲ್ಲಿ ಫೋನ್ ಕೈಯಲ್ಲಿ ಹಿಡಿಯುವುದೂ ದಂಡಕ್ಕೆ ಗುರಿ. ಎಡಬದಿಯ ಸಂಚಾರದಲ್ಲಿ ಬೆಳೆದ ನಮಗೆ ಎಲ್ಲಕ್ಕಿಂತ ಕಷ್ಟವಾಗುವುದು ಬಲಬದಿಯ ಶಿಸ್ತು: ಗುರುತುಗಳಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ದಾರಿ ಬಿಡಬೇಕು, ನೆಲದ ಮೇಲಿನ ಬಿಳಿ ತ್ರಿಕೋನಗಳ ಚೂಪು ನಮ್ಮತ್ತ ಇದ್ದರೆ ನಾವೇ ಕಾಯಬೇಕು, ತಿರುಗುವ ಮೊದಲು ಕೈ ಚಾಚಬೇಕು.

ಸ್ವಂತ ಸೈಕಲ್ ಇಲ್ಲದವರಿಗೆ ಸ್ಟ್ಯಾಂಡಿನೊಳಗೇ ರೈಲ್ವೆಯ ನೀಲಿ-ಹಳದಿ ಬಾಡಿಗೆ ಸೈಕಲ್ ದೊರೆಯುತ್ತದೆ. ಇದೇ ಸ್ಟ್ಯಾಂಡ್ ತೆರೆದ 2017ರಲ್ಲೇ ಮೈಸೂರಿನಲ್ಲಿ ಆರಂಭವಾದ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ಯೋಜನೆಯಲ್ಲಿ ಒಂದು ನಿಲ್ದಾಣದಿಂದ ತೆಗೆದ ಸೈಕಲ್ಲನ್ನು ಇನ್ನೊಂದರಲ್ಲಿ ಬಿಡಲು ಅವಕಾಶವಿತ್ತು. ಇಲ್ಲಿ ಪಡೆದ ಜಾಗಕ್ಕೇ ಹಿಂತಿರುಗಿಸಬೇಕು, ಬೇರೆ ನಿಲ್ದಾಣದಲ್ಲಿ ಬಿಟ್ಟರೆ ಹೆಚ್ಚುವರಿ ಹಣ ತೆರಬೇಕು. ಆದ್ದರಿಂದ ಇದು ಹೋಗಿ ಬರುವ ಪ್ರಯಾಣಕ್ಕೆ ಒಪ್ಪುತ್ತದೆಯೇ ಹೊರತು ಒಂದೇ ಕಡೆಯ ಸವಾರಿಗಲ್ಲ.

ವಾರದ ದಿನಗಳ ಬೆಳಗಿನ ಹೊತ್ತು ಒಳಗಿನ ದಾರಿಗಳಲ್ಲಿ ಸವಾರರು ರೈಲು ಹಿಡಿಯುವ ಅವಸರದಲ್ಲಿರುವುದರಿಂದ, ಮೊದಲ ಸಲ ಬರುವವರು ವಾರಾಂತ್ಯದಲ್ಲಿ ಬಂದು ಮೇಲ್ಸಾಲಿನ ಹಳಿಯನ್ನು ಎಳೆದು ನೂಕಿ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ನಿಲ್ಲಿಸಿದ ಅಂತಸ್ತು ಮತ್ತು ಸಾಲಿನ ಗುರುತಿನ ಫೋಟೊ ತೆಗೆದುಕೊಂಡೇ ಮೆಟ್ಟಿಲು ಹತ್ತಬೇಕು.