ಸ್ಟೋರಿವೀವರ್ ಕಥೆಗಳು: ಮನೆಯಲ್ಲಿ ಕನ್ನಡ ಓದಿಸುವವರಿಗೆ

ನನ್ನ ಮಗಳಿಗೆ ಆರು ವರ್ಷ, ಇಂಗ್ಲಿಷ್ ಮೀಡಿಯಂ. ಅ ಇಂದ ಳ ತನಕ 49 ಅಕ್ಷರ ಒಂದೇ ಉಸಿರಿಗೆ ಹೇಳುತ್ತಾಳೆ. ಆದರೆ ಎಲ್ಲೋ ಒಂದು ಕಡೆ ಬರೀ 'ಮ' ತೋರಿಸಿದರೆ 'ಪ ಫ ಬ ಭ' ಅಂತ ಹೇಳಿಕೊಂಡೇ ಅಲ್ಲಿಗೆ ಬರಬೇಕಿತ್ತು. ಬಾಯಿಪಾಠ ಆಗಿದೆ, ಓದು ಬಂದಿಲ್ಲ ಅಂತ ಆಗ ಗೊತ್ತಾಯಿತು.

ಮೊದಲು ಒಂದು ಫ್ಲ್ಯಾಶ್ ಕಾರ್ಡ್ ಸೆಟ್ ತಂದೆ, ಯಾವುದು ಅಂತ ಬೇಡ. ಆನೆ ಚಿತ್ರ ನೋಡಿ 'ಆನೆ' ಅಂತಾಳೆ, ಚಿತ್ರದ ಮೇಲೆ ಕೈ ಇಟ್ಟರೆ ಮಾತೇ ಇಲ್ಲ. ಜೊತೆಗೆ ಙ, ಞ ಕಾರ್ಡು ಬೇರೆ. ಇವುಗಳಿಂದ ಶುರುವಾಗುವ ಪದ ಮನೆಮಾತಿನಲ್ಲಿ ಎಲ್ಲಿದೆ ಹೇಳಿ? ಹತ್ತು ದಿನ ನೋಡಿ ಎತ್ತಿಟ್ಟೆ.

ಆಮೇಲೆ ಸಿಕ್ಕಿದ್ದು ಸ್ಟೋರಿವೀವರ್. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಮಕ್ಕಳ ಕಥೆಗಳ ಜಾಲತಾಣ, ಪೂರ್ತಿ ಉಚಿತ. ಭಾಷೆ ಕನ್ನಡ ಅಂತ ಆರಿಸಿಕೊಂಡು ಹಂತ ಆರಿಸಿಕೊಳ್ಳಬೇಕು, ಒಟ್ಟು ನಾಲ್ಕು ಹಂತ. ಮೊದಲನೆಯದರಲ್ಲಿ ಚಿಕ್ಕ ಚಿಕ್ಕ ಕಥೆ, ಪುಟಕ್ಕೆ ಒಂದೋ ಎರಡೋ ಸಾಲು, ಪಕ್ಕದಲ್ಲಿ ದೊಡ್ಡ ಚಿತ್ರ. ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕಿಸಿಕೊಳ್ಳಬಹುದು, ಲೈಸೆನ್ಸೇ ಹಾಗಿದೆ. ಮೊಬೈಲ್ ಕೈಗೆ ಕೊಡಲು ಇಷ್ಟ ಇಲ್ಲದ ಕಾರಣ ಮೈಸೂರಿನ ಸರಸ್ವತಿಪುರಂನಲ್ಲಿ ಮನೆ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆಸಿ ಪಿನ್ ಹೊಡೆಸಿದೆ, ಒಂದು ಕಥೆಗೆ 20 ರೂಪಾಯಿ ಆಚೀಚೆ. ಬಣ್ಣ ಇಲ್ಲ ಅಂತ ಅವಳೇ ಕ್ರೇಯಾನ್ ತಂದು ತುಂಬಿದಳು, ಹಿಂದಿನ ಪುಟದಲ್ಲಿ ತನ್ನ ಹೆಸರೂ ಬರೆದುಕೊಂಡಳು.

ಮೊದಲ ದಿನ ನಾನು ಓದುತ್ತೇನೆ, ಪದದ ಕೆಳಗೆ ಅವಳ ಬೆರಳು. ಮಾರನೇ ದಿನ ಇಬ್ಬರೂ ಸೇರಿ. ಮೂರನೇ ದಿನ ಅವಳೊಬ್ಬಳೇ, ಅಜ್ಜಿಗೆ ಓದಿ ಹೇಳಬೇಕು. ದಿನಕ್ಕೆ ಹತ್ತು ನಿಮಿಷ, ಅದಕ್ಕಿಂತ ಜಾಸ್ತಿ ಕೂರಿಸಲ್ಲ.

ಒಂದು ವಿಷಯ ಮಾತ್ರ ಎಲ್ಲ ಅಪ್ಪ ಅಮ್ಮಂದಿರಿಗೂ ಹೇಳಲೇಬೇಕು. ಹಂತ ಅನ್ನೋದು ಹೆಚ್ಚಾಗಿ ಪದ ಎಷ್ಟಿದೆ, ವಾಕ್ಯ ಎಷ್ಟು ಸುಲಭ ಅನ್ನುವುದರ ಮೇಲೆ. ನಮ್ಮ ಮಕ್ಕಳಿಗೆ ನಿಜವಾದ ಕಷ್ಟ ಒತ್ತಕ್ಷರ, ಅದು ಇಲ್ಲದೆ ಕನ್ನಡದಲ್ಲಿ ಕಥೆ ಬರೆಯಲು ಆಗುತ್ತಾ? ಅಮ್ಮ, ಅಕ್ಕ, ಬೆಕ್ಕು ಎಲ್ಲದರಲ್ಲೂ ಇದೆ. ಅವಳು ಒಮ್ಮೆ 'ಹಕಿ' ಅಂತ ಓದಿ, ಚಿತ್ರ ನೋಡಿ, ಬೆರಳನ್ನು ನಿಧಾನಕ್ಕೆ ಕೆಳಗಿನ ಒತ್ತಿನ ಮೇಲೆ ತಂದು "ಇಲ್ಲೊಂದು ಪುಟ್ಟ ಕ ಇದೆ! ಹಕ್ಕಿ!" ಅಂತ ಕೂಗಿದಳು. ಆ ಮುಖ ನಾನು ಮರೆಯಲ್ಲ. ಕ, ಟ, ಪ ಒತ್ತು ನೋಡಲು ಅದೇ ಅಕ್ಷರದ ಹಾಗೇ ಇರುತ್ತದೆ, ಬೇಗ ಹಿಡಿಯುತ್ತಾರೆ. ತ, ಮ, ಯ, ರ ಒತ್ತಿನ ಆಕಾರವೇ ಬೇರೆ. ಹಾಗಾಗಿ ದಿನಾ ಕರೆಯುವ 'ಅಮ್ಮ' ಓದುವಾಗ 'ಹಕ್ಕಿ'ಗಿಂತ ಕಷ್ಟ ಆಯಿತು. ನಾನೀಗ ಕಥೆಯನ್ನು ಮೊದಲು ನಾನೇ ಓದಿ, ಯಾವ ಒತ್ತು ಜಾಸ್ತಿ ಇದೆ ನೋಡಿ, ಆಮೇಲೆ ಪ್ರಿಂಟ್‌ಗೆ ಕೊಡುತ್ತೇನೆ. ನೀವೂ ಹೀಗೇ ಮಾಡಿ, ಮಗು ಅರ್ಧಕ್ಕೆ ಬಿಟ್ಟು ಎದ್ದು ಹೋಗೋದು ತಪ್ಪುತ್ತದೆ.

ನಾಲ್ಕು ತಿಂಗಳಾಯಿತು. ಹೋದ ಭಾನುವಾರ ಸಿಟಿ ಬಸ್ ಸ್ಟ್ಯಾಂಡ್‌ನಲ್ಲಿ ನಿಂತಿದ್ದಾಗ ಬಸ್ಸಿನ ಬೋರ್ಡು ನೋಡಿ "ಚಾ... ಮುಂ... ಡಿ... ಬೆಟ್ಟ" ಅಂದಳು, 'ಬೆಟ್ಟ'ವನ್ನು ಬಿಡಿಸದೆ ಒಂದೇ ಸಲಕ್ಕೆ. ನಾನೇನೂ ಕೇಳಿರಲಿಲ್ಲ. ಈ ವಾರ ಎರಡನೇ ಹಂತದ ಎರಡು ಕಥೆ ಪ್ರಿಂಟ್ ಹಾಕಿಸಿದ್ದೇನೆ.