ಎಕ್ಸ್-ಪ್ಲೋರ್: ಸಿಂಬಿಯನ್ ಫೋನಿನ ಕಡತಗಳಿಗೆ ಈಗಲೂ ಇದೇ ಗತಿ

ಸಿಂಬಿಯನ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಇರುವ ಹಳೆಯ ನೋಕಿಯಾದಂಥ ಫೋನಿಗೆ ಒಳ್ಳೆಯ ಫೈಲ್ ಮ್ಯಾನೇಜರ್, ಅಂದರೆ ಕಡತಗಳನ್ನು ನೋಡಿ ನಿಭಾಯಿಸುವ ಆ್ಯಪ್, ಯಾವುದು ಎಂದು ಕೇಳಿದರೆ ನನ್ನ ಬಾಯಲ್ಲಿ ಎರಡನೆಯ ಹೆಸರು ಬರುವುದಿಲ್ಲ. ಎಕ್ಸ್-ಪ್ಲೋರ್, ಅಷ್ಟೇ. ಅದನ್ನು ಮಾಡಿದವರು ಲೋನ್ಲಿ ಕ್ಯಾಟ್ ಗೇಮ್ಸ್. ಹೆಸರಿನಲ್ಲಿ ಆಟವಿದ್ದರೂ ನಮ್ಮ ಕಡೆ ಅವರು ಪರಿಚಿತರಾದದ್ದು ಸ್ಮಾರ್ಟ್‌ಮೂವಿ ಎಂಬ ವಿಡಿಯೊ ಪ್ಲೇಯರ್‌ನಿಂದ. ನೋಕಿಯಾ 6600ರ ಪುಟ್ಟ ಪರದೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಇಡೀ ಸಿನಿಮಾ ನೋಡಿದವರಿಗೆ ಆ ಹೆಸರು ನೆನಪಿರುತ್ತದೆ. ಎಕ್ಸ್-ಪ್ಲೋರ್ ಅಷ್ಟು ಮೆರೆಯಲಿಲ್ಲ. ಆದರೆ ಬಾಳಿಕೆ ಬಂದದ್ದು ಅದೇ.

ಈ ಕಾಲದಲ್ಲಿ ಅದು ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ನನ್ನ ಅಂಗಡಿ ಇರುವುದು ಸಾಗರದ ಬಸ್ ನಿಲ್ದಾಣದ ಹತ್ತಿರ. ಒಡೆದ ಗಾಜು ಬದಲಿಸುವುದು, ಚಾರ್ಜಿಂಗ್ ಪಿನ್ ಬೆಸೆಯುವುದು, ಇದೇ ಹೊಟ್ಟೆಪಾಡು. ಆದರೂ ಆಗಾಗ ಯಾರಾದರೂ ಪ್ಲಾಸ್ಟಿಕ್ ಚೀಲದಿಂದ ಒಂದು ನೋಕಿಯಾ ತೆಗೆದು ಮೇಜಿನ ಮೇಲಿಡುತ್ತಾರೆ. ಮಗಳ ನಾಮಕರಣದ ಫೋಟೊ ಇದರಲ್ಲಿದೆ ಎನ್ನುತ್ತಾರೆ. ತೀರಿಕೊಂಡ ಅಪ್ಪ ಕಳುಹಿಸಿದ ಸಂದೇಶಗಳಿವೆ ಎನ್ನುತ್ತಾರೆ. ಇನ್ನು ಕೆಲವರು ಆ ಫೋನನ್ನು ಈಗಲೂ ಬಳಸುತ್ತಿರುತ್ತಾರೆ. ನೋಕಿಯಾ ಇ63 ಮಾದರಿಗೆ ಹಾಕುವ ಬಿಪಿ-4ಎಲ್ ಬ್ಯಾಟರಿ 1500 ಎಂಎಎಚ್‌ನದು. ಬರೀ ಮಾತಾಡಿದರೆ ಎರಡು ದಿನ ಆರಾಮವಾಗಿ ಬರುತ್ತದೆ. ತೋಟದಲ್ಲಿ ಕೆಲಸ ಮಾಡುವವರಿಗೆ ಇದಕ್ಕಿಂತ ಬೇರೆ ಏನು ಬೇಕು?

ಈಚೆಗೆ ಬಂದದ್ದು ನಿವೃತ್ತ ಮೇಷ್ಟ್ರೊಬ್ಬರ ಇ63. ತಾಳಮದ್ದಲೆಯ ಹುಚ್ಚು ಅವರಿಗೆ. ಎಲ್ಲಿ ಕೂಟ ನಡೆದರೂ ಹೋಗಿ, ಅರ್ಥಗಾರಿಕೆಯನ್ನು ಫೋನಿನ ರೆಕಾರ್ಡರ್‌ನಲ್ಲಿ ಹಿಡಿದಿಟ್ಟುಕೊಂಡವರು. ಸಿಂಬಿಯನ್ ರೆಕಾರ್ಡರ್ ಬಳಸುವುದು ಎಎಂಆರ್ ಎಂಬ ನಮೂನೆಯನ್ನು. ಮಾತಿಗೆಂದೇ ಮಾಡಿದ್ದು, ಮದ್ದಲೆಯ ನಾದ ಅದರಲ್ಲಿ ಡಬ್ಬ ಬಡಿದಂತೆ ಕೇಳುತ್ತದೆ. ಆದರೆ ಹೆಚ್ಚೆಂದರೆ ಸೆಕೆಂಡಿಗೆ 12.2 ಕಿಲೋಬಿಟ್, ಅಂದರೆ ಒಂದು ಗಂಟೆಯ ಮಾತು ಐದೂವರೆ ಎಂಬಿಯಲ್ಲಿ ಮುಗಿಯುತ್ತದೆ. 2 ಜಿಬಿ ಕಾರ್ಡು ಇಂಥ ಕಡತಗಳಿಂದ ತುಂಬುವುದು ಸುಲಭವಲ್ಲ. ಮೇಷ್ಟ್ರ ಕಾರ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಇತ್ತು. ಆದರೂ ಫೋನ್ ಮಾತ್ರ ಜಾಗವಿಲ್ಲ, ಮೊದಲು ಏನಾದರೂ ಅಳಿಸಿ ಎಂದು ಗೋಗರೆಯುತ್ತಿತ್ತು. ಹೊಸ ಎಸ್‌ಎಂಎಸ್ ಕೂಡ ಒಳಗೆ ಬರುತ್ತಿರಲಿಲ್ಲ.

ನೋಕಿಯಾ ಕೊಟ್ಟಿರುವ ಫೈಲ್ ಮ್ಯಾನೇಜರ್ ಇಂಥ ಹೊತ್ತಿನಲ್ಲಿ ಕೈಕೊಡುತ್ತದೆ. ಚಿತ್ರ, ಧ್ವನಿ, ವಿಡಿಯೊ, ಇತರೆ ಎಂಬ ಅಚ್ಚುಕಟ್ಟಾದ ನಾಲ್ಕು ಫೋಲ್ಡರ್ ತೋರಿಸಿ, ನಿಮಗೆ ಇಷ್ಟು ಸಾಕು ಎನ್ನುತ್ತದೆ. ಎಕ್ಸ್-ಪ್ಲೋರ್ ತೆರೆದರೆ ಕಾಣುವುದು ಡ್ರೈವ್‌ಗಳು. ಸಿ ಎಂದರೆ ಫೋನಿನದೇ ಮೆಮೊರಿ, ಡಿ ಎಂದರೆ ರ್‍ಯಾಮ್‌ನಲ್ಲಿ ತಾತ್ಕಾಲಿಕವಾಗಿ ಕಟ್ಟಿಕೊಂಡ ಜಾಗ, ಇ ಎಂದರೆ ಕಾರ್ಡು, ಝಡ್ ಎಂದರೆ ಕಾರ್ಖಾನೆಯಲ್ಲೇ ತುಂಬಿಸಿದ, ಓದಲು ಮಾತ್ರ ಬರುವ ರೋಮ್. ಪ್ರತಿಯೊಂದರ ಪಕ್ಕದಲ್ಲಿ ಒಟ್ಟು ಎಷ್ಟು, ಉಳಿದದ್ದೆಷ್ಟು ಎಂಬ ಲೆಕ್ಕ. ನಡುಗುಂಡಿಯನ್ನು ಬಲಕ್ಕೆ ಒತ್ತಿದರೆ ಫೋಲ್ಡರ್ ಬಿಚ್ಚಿಕೊಳ್ಳುತ್ತದೆ, ಎಡಕ್ಕೆ ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಒಂದರ ಕೆಳಗೊಂದು ಕೊಂಬೆ ಚಾಚಿದ ಹಾಗೆ ಇಡೀ ವ್ಯವಸ್ಥೆ ಒಂದೇ ಪರದೆಯಲ್ಲಿ ಇಳಿಯುತ್ತದೆ. ಇಷ್ಟು ಚಿಕ್ಕ ಪರದೆಗೆ ಇದಕ್ಕಿಂತ ಒಳ್ಳೆಯ ವಿನ್ಯಾಸವನ್ನು ನಾನು ಕಂಡಿಲ್ಲ. ಟಚ್ ಬಂದ ಮೇಲೆ ಬಂದ ಫೈಲ್ ಮ್ಯಾನೇಜರ್‌ಗಳಲ್ಲಿ ನೀವು ಯಾವ ಫೋಲ್ಡರ್‌ನ ಒಳಗಿದ್ದೀರಿ ಎಂಬುದೇ ಮರೆತುಹೋಗುತ್ತದೆ.

ಇ63ರ ಸಿ ಡ್ರೈವ್ ಇರುವುದೇ ಸುಮಾರು 110 ಎಂಬಿ. ಮೇಷ್ಟ್ರ ಫೋನಿನಲ್ಲಿ ಕಣ್ಣಿಗೆ ಕಾಣುವ ಫೋಲ್ಡರ್‌ಗಳನ್ನೆಲ್ಲ ಕೂಡಿಸಿದರೂ ಅದರ ಕಾಲು ಭಾಗ ಆಗುತ್ತಿರಲಿಲ್ಲ. ಆದರೆ ಡ್ರೈವ್ ತುಂಬಿದೆ ಎಂದು ಎಕ್ಸ್-ಪ್ಲೋರ್ ಹೇಳುತ್ತಿತ್ತು. ಉಳಿದದ್ದು ಎಲ್ಲಿ ಹೋಯಿತು? ಕಾಣದ ಜಾಗದಲ್ಲಿ, ಅಂದರೆ 'ಪ್ರೈವೇಟ್' ಎಂಬ ಫೋಲ್ಡರ್‌ನಲ್ಲಿ. ಸಂದೇಶಗಳು ಇರುವುದು ಅದರೊಳಗಿನ 1000484ಬಿ ಎಂಬ ಉಪಫೋಲ್ಡರ್‌ನಲ್ಲಿ. ಸಿಂಬಿಯನ್‌ನ ಒಂದು ವಿಚಿತ್ರ ಗುಣ ಗೊತ್ತಿದ್ದವರಿಗೆ ಇಲ್ಲಿಂದ ದಾರಿ ನೇರ: ಬ್ಲೂಟೂತ್‌ನಲ್ಲಿ ಬಂದ ಕಡತ ಗ್ಯಾಲರಿಗೆ ಹೋಗುವುದಿಲ್ಲ, ಸಂದೇಶದ ರೂಪದಲ್ಲಿ ಇನ್‌ಬಾಕ್ಸ್‌ಗೆ ಬಂದು ಕೂರುತ್ತದೆ. ಅದನ್ನು ತೆರೆದು ಉಳಿಸಿದರೆ ಕಾರ್ಡಿನಲ್ಲಿ ಒಂದು ಪ್ರತಿ ಆಗುತ್ತದೆ, ಇನ್‌ಬಾಕ್ಸ್‌ನದು ಅಲ್ಲೇ ಉಳಿಯುತ್ತದೆ. ಕೂಟಕ್ಕೆ ಬಂದ ಗೆಳೆಯರು ಕಳುಹಿಸಿದ ರೆಕಾರ್ಡಿಂಗ್‌ಗಳು, ಮದುವೆಯ ವಿಡಿಯೊ ತುಣುಕುಗಳು, ಯಾವುದೋ ಆಟದ ಇನ್‌ಸ್ಟಾಲ್ ಕಡತ, ಎಲ್ಲವೂ ಮೇಷ್ಟ್ರ ಇನ್‌ಬಾಕ್ಸ್‌ನಲ್ಲಿ ಎಸ್‌ಎಂಎಸ್‌ಗಳ ನಡುವೆ ನುಸುಳಿಕೊಂಡಿದ್ದವು. ಕಾರ್ಡಿನಲ್ಲಿ ಪ್ರತಿ ಇರುವುದನ್ನು ಎಕ್ಸ್-ಪ್ಲೋರ್‌ನಲ್ಲಿ ಒಂದೊಂದಾಗಿ ಖಚಿತ ಮಾಡಿಕೊಂಡು ಇನ್‌ಬಾಕ್ಸ್‌ನವನ್ನು ಅಳಿಸಿದೆವು. ಫೋನ್ ಉಸಿರಾಡಿತು.

ಇಲ್ಲಿ ಗಮನಿಸಬೇಕಾದದ್ದು, ಎಕ್ಸ್-ಪ್ಲೋರ್ ತಾನಾಗಿ ಏನನ್ನೂ 'ಸ್ವಚ್ಛ' ಮಾಡಲಿಲ್ಲ. ಈಗಿನ ಆ್ಯಪ್‌ಗಳ ಹಾಗೆ ಪೊರಕೆಯ ಚಿತ್ರ ಗಿರಕಿ ಹೊಡೆಸಿ, ಇಷ್ಟು ಕಸ ತೆಗೆದೆ ಎಂದು ಬೀಗಲಿಲ್ಲ. ಇರುವುದನ್ನು ಇದ್ದ ಹಾಗೆ ತೋರಿಸಿತು, ತೋರಿಸಲಾಗದ್ದನ್ನು ತೋರಿಸಲಿಲ್ಲ, ಲೆಕ್ಕವನ್ನು ಮಾತ್ರ ಸರಿಯಾಗಿ ಕೊಟ್ಟಿತು. ಉಳಿದ ತಲೆಯೋಟ ನಮ್ಮದು. ನನಗೆ ಈ ಸಾಧನ ಇಷ್ಟವಾಗುವುದೇ ಈ ಕಾರಣಕ್ಕೆ.

ತೋರಿಸಲಾಗದ್ದು ಏಕಿದೆ ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 2003ರ 6600ರಲ್ಲಿ ಯಾವ ಬೀಗವೂ ಇರಲಿಲ್ಲ. ಒಳಗಿನ ಮೆಮೊರಿ 6 ಎಂಬಿ, ಜೊತೆಗೆ ಕೊಡುತ್ತಿದ್ದ ಕಾರ್ಡು 32 ಎಂಬಿ. ಒಂದೊಂದು ಕೆಬಿಗೂ ಬೆಲೆ ಇದ್ದ ಕಾಲ. ಆ ಫೋನಿನಲ್ಲಿ ಎಕ್ಸ್-ಪ್ಲೋರ್ ಹಾಕಿದರೆ 'ಸಿಸ್ಟಮ್' ಫೋಲ್ಡರ್ ಪೂರ್ತಿ ನಿಮ್ಮದು. ಆ್ಯಪ್‌ಗಳು ಅಲ್ಲೇ, ಸಂದೇಶಗಳು ಅಲ್ಲೇ. ಕಾರ್ಡಿಗೆ ಹಾಕಿದ ಪಾಸ್‌ವರ್ಡ್ ಮರೆತವರಿಗೆ ಅದು ಸಿ ಡ್ರೈವ್‌ನ ಎಂಎಂಸಿಸ್ಟೋರ್ ಎಂಬ ಕಡತದಲ್ಲಿ ಓದುವ ಹಾಗೆಯೇ ಸಿಗುತ್ತಿತ್ತು. ಕಡತದ ಬೈಟ್‌ಗಳನ್ನು ಇದ್ದ ಹಾಗೆಯೇ ತೋರಿಸುವ ಹೆಕ್ಸ್ ನೋಟದಲ್ಲಿ ಸಂದೇಶದ ಕಡತ ತೆರೆದರೆ ಎಡಗಡೆ ಅಂಕಿಗಳ ಸಾಲು, ಬಲಗಡೆ ಚುಕ್ಕಿಗಳ ನಡುವೆ ಇದ್ದಕ್ಕಿದ್ದಂತೆ ಇಂಗ್ಲಿಷ್ ಅಕ್ಷರದಲ್ಲಿ 'ಊಟ ಆಯಿತಾ, ಎಷ್ಟು ಗಂಟೆಗೆ ಬಸ್'. ಕನ್ನಡ ಲಿಪಿಯಲ್ಲಿ ಬರೆದರೆ ಒಂದು ಎಸ್‌ಎಂಎಸ್‌ಗೆ 70 ಅಕ್ಷರ, ಇಂಗ್ಲಿಷ್ ಲಿಪಿಯಲ್ಲಾದರೆ 160. ಹೀಗಾಗಿ ಆ ಕಾಲದ ಸಂದೇಶಗಳೆಲ್ಲ ಇದೇ ಥರ.

ಬೀಗವಿಲ್ಲದ ಮನೆಗೆ ಕಳ್ಳರೂ ಬಂದರು. 2004ರಲ್ಲಿ ಕ್ಯಾಬಿರ್ ಎಂಬ ದುಷ್ಟ ತಂತ್ರಾಂಶ ಬ್ಲೂಟೂತ್ ಹಿಡಿದು ಫೋನಿನಿಂದ ಫೋನಿಗೆ ಹರಡಿತು. ಅದೇ ವರ್ಷ ಬಂದ ಸ್ಕಲ್ಸ್ ಇನ್ನೂ ತಮಾಷೆ. ಝಡ್‌ನಲ್ಲಿರುವ ಮೂಲ ಆ್ಯಪ್‌ನ ಹೆಸರಿನಲ್ಲೇ ಸಿ ಡ್ರೈವ್‌ನಲ್ಲಿ ಒಂದು ಕಡತ ಇಟ್ಟರೆ, ಫೋನ್ ಸಿಯದನ್ನೇ ಮೊದಲು ಎತ್ತಿಕೊಳ್ಳುತ್ತಿತ್ತು. ಸ್ಕಲ್ಸ್ ಮಾಡಿದ್ದು ಇಷ್ಟೇ: ಕೆಲಸಕ್ಕೆ ಬಾರದ ಕಡತಗಳನ್ನು ಆ ಹೆಸರಿನಲ್ಲಿ ಸುರಿಯಿತು. ಮೆನುವಿನ ತುಂಬ ತಲೆಬುರುಡೆ. ಕರೆ ಬಿಟ್ಟು ಬೇರೇನೂ ನಡೆಯದು. ಝಡ್ ರೋಮ್ ಆದ್ದರಿಂದ ಮೂಲಕ್ಕೆ ಏನೂ ಆಗಿರುತ್ತಿರಲಿಲ್ಲ. ಬೇರೆ ಫೈಲ್ ಮ್ಯಾನೇಜರ್ ಮೊದಲೇ ಹಾಕಿಕೊಂಡವರು ಸಿ ಡ್ರೈವ್‌ನ ಆ ಕಡತಗಳನ್ನು ಹುಡುಕಿ ಅಳಿಸಿ ಬಚಾವಾದರು. ಉಳಿದವರು ಫೋನನ್ನು ಪೂರ್ತಿ ಅಳಿಸಿ ಹೊಸದರಂತೆ ಮಾಡುವ *#7370# ಒತ್ತಿ ಎಲ್ಲವನ್ನೂ ಕಳೆದುಕೊಂಡರು. ಆ ಕಾಲದಲ್ಲಿ ಎಕ್ಸ್-ಪ್ಲೋರ್‌ನಂಥದ್ದು ಫೋನಿನಲ್ಲಿರುವುದು ಶೋಕಿಯಾಗಿರಲಿಲ್ಲ.

ಸಿಂಬಿಯನ್ 9.1ರಿಂದ ಬೀಗ ಬಂತು. ಎನ್73, ಇ63 ಎಲ್ಲವೂ ಈ ಕಡೆಯವು. 'ಸಿಸ್' ಮತ್ತು 'ಪ್ರೈವೇಟ್' ಫೋಲ್ಡರ್‌ಗಳಿಗೆ ಹೋಗಲು ಆ್ಯಪ್‌ಗೆ ವಿಶೇಷ ಅನುಮತಿ ಬೇಕು, ಎಕ್ಸ್-ಪ್ಲೋರ್‌ಗೆ ಅದಿಲ್ಲ. ರೋಮ್‌ಪ್ಯಾಚರ್, ಹೆಲೋ ಓಎಕ್ಸ್ ಮುಂತಾದವನ್ನು ಹಾಕಿ ಈ ಬೀಗ ಮುರಿಯುವ ಚಟ ಒಂದು ಕಾಲಕ್ಕೆ ಜೋರಾಗಿತ್ತು. ಮುರಿದ ಮೇಲೆ ಎಕ್ಸ್-ಪ್ಲೋರ್‌ಗೆ ಎಲ್ಲವೂ ಕಾಣುತ್ತದೆ, ನಿಜ. ಗಿರಾಕಿಗಳ ಫೋನಿಗೆ ನಾನು ಅದನ್ನು ಮಾಡುವುದಿಲ್ಲ. ಇದಕ್ಕಿಂತ ಸುಲಭದ ಹಾದಿ ಇದೆ: ಸಂದೇಶಗಳ ಸೆಟಿಂಗ್‌ನಲ್ಲಿ ಬಳಕೆಯ ಮೆಮೊರಿಯನ್ನು ಕಾರ್ಡಿಗೆ ಬದಲಿಸಿ, ಹಳೆಯವನ್ನೂ ನಕಲಿಸಲೇ ಎಂದು ಫೋನ್ ಕೇಳಿದರೆ ಹೌದೆನ್ನಿ. ಆಮೇಲೆ ಫೋನ್ ಆರಿಸಿ, ಕಾರ್ಡನ್ನು ಕಂಪ್ಯೂಟರಿಗೆ ಹಾಕಿ. ಫೋನಿನ ಬೀಗ ಫೋನಿನೊಳಗೆ ಮಾತ್ರ. ಕಾರ್ಡು ಎಲ್ಲರಿಗೂ ಗೊತ್ತಿರುವ ಫ್ಯಾಟ್ ನಮೂನೆಯದು, ಕಂಪ್ಯೂಟರಿನಲ್ಲಿ 'ಪ್ರೈವೇಟ್' ಬಾಗಿಲು ತೆರೆದೇ ಇರುತ್ತದೆ. ಓದಿಕೊಳ್ಳಿ, ನಕಲು ಮಾಡಿಕೊಳ್ಳಿ. ಆದರೆ ಕಾರ್ಡಿನ 'ಸಿಸ್' ಫೋಲ್ಡರ್‌ನಲ್ಲಿರುವ ಆ್ಯಪ್ ಕಡತಗಳನ್ನು ತಿದ್ದಲು ಹೋಗಬೇಡಿ. ಅವುಗಳ ಗುರುತನ್ನು ಫೋನ್ ಸಿ ಡ್ರೈವ್‌ನಲ್ಲಿ ಬರೆದಿಟ್ಟುಕೊಂಡಿರುತ್ತದೆ, ಒಂದು ಬೈಟ್ ಬದಲಾದರೂ ಓಡಿಸುವುದಿಲ್ಲ.

ಕೊರತೆಗಳನ್ನೂ ಹೇಳಬೇಕು. ಮೊದಲನೆಯದು ಹಾಕುವ ರಗಳೆ. ಹಳೆಯ ಎಸ್‌ಐಎಸ್ ಕಡತ, ಅಂದರೆ ಆ್ಯಪ್‌ನ ಇನ್‌ಸ್ಟಾಲ್ ಕಡತ, ತೆರೆದರೆ ಅದರ ಪ್ರಮಾಣಪತ್ರದ (ಸರ್ಟಿಫಿಕೇಟ್) ಅವಧಿ ಮುಗಿದಿದೆ ಎಂದು ಫೋನ್ ನಿರಾಕರಿಸುವುದುಂಟು. ಫೋನಿನ ದಿನಾಂಕವನ್ನು ಆ ಆವೃತ್ತಿ ಬಂದ ವರ್ಷಕ್ಕೆ ತಿರುಗಿಸಿ, ಆ್ಯಪ್ ಮ್ಯಾನೇಜರ್‌ನಲ್ಲಿ ಆನ್‌ಲೈನ್ ಪ್ರಮಾಣಪತ್ರ ಪರಿಶೀಲನೆ ನಿಲ್ಲಿಸಿ ಹಾಕಬೇಕು, ಆಮೇಲೆ ದಿನಾಂಕ ಸರಿಪಡಿಸಬೇಕು. 2014ರ ಜನವರಿಯಿಂದ ನೋಕಿಯಾ ಸಿಂಬಿಯನ್‌ಗೆ ಹೊಸ ಆ್ಯಪ್ ಆಗಲಿ, ಪರಿಷ್ಕರಣೆಯಾಗಲಿ ಸ್ವೀಕರಿಸುವುದನ್ನು ನಿಲ್ಲಿಸಿತು. ಹಾಗಾಗಿ ಇದಕ್ಕೆ ಪರಿಹಾರ ಎಲ್ಲಿಂದಲೂ ಬರುವುದಿಲ್ಲ. ಎರಡನೆಯದು, ಅಳಿಸಿದ್ದು ಹೋಯಿತು; ಕಸದ ಬುಟ್ಟಿಯ ಸೌಕರ್ಯ ಇಲ್ಲ. ಮೂರನೆಯದು ಕನ್ನಡ. ನನ್ನ ಬಳಿಯ ಇ63ರಲ್ಲಿ ಕನ್ನಡದಲ್ಲಿ ಹೆಸರಿಟ್ಟ ಕಡತಗಳು ಬರೀ ಚೌಕಗಳಾಗಿ ಕಾಣುತ್ತವೆ. ಅದು ಎಕ್ಸ್-ಪ್ಲೋರ್‌ನ ದೋಷವಲ್ಲ, ಫೋನಿನಲ್ಲಿ ಅಕ್ಷರಗಳೇ ಇಲ್ಲ. ಇದೇ ಫೋನುಗಳಲ್ಲಿ ನಾವು ಕನ್ನಡ ಪತ್ರಿಕೆ ಓದಿದ್ದು ಒಪೆರಾ ಮಿನಿಯ ಕೃಪೆಯಿಂದ. ಅದರ ಒಳಸೆಟಿಂಗ್‌ನಲ್ಲಿ ಬಿಟ್‌ಮ್ಯಾಪ್ ಫಾಂಟ್ ಆಯ್ಕೆ ಮಾಡಿದರೆ ಅಕ್ಷರಗಳು ಚಿತ್ರವಾಗಿ ಇಳಿದುಬರುತ್ತಿದ್ದವು. ಡೇಟಾ ಹೆಚ್ಚು ತಿನ್ನುತ್ತಿತ್ತು, ಆದರೆ ಓದಲಿಕ್ಕೆ ಸಿಗುತ್ತಿತ್ತಲ್ಲ.

ಇದೇ ಸಂಸ್ಥೆಯ ಎಕ್ಸ್-ಪ್ಲೋರ್ ಆಂಡ್ರಾಯ್ಡ್‌ನಲ್ಲೂ ಇದೆ. ಪಕ್ಕಪಕ್ಕ ಎರಡು ಪಟ್ಟಿ, ಅದೇ ಕೊಂಬೆಯ ವಿನ್ಯಾಸ, ಮೇಲಾಗಿ ಯಾವ ಫೋಲ್ಡರ್ ಎಷ್ಟು ಜಾಗ ತಿಂದಿದೆ ಎಂದು ಚಿತ್ರವಾಗಿ ತೋರಿಸುವ ಡಿಸ್ಕ್ ಮ್ಯಾಪ್. ಹಳೆಯ 8 ಜಿಬಿ ಫೋನಿಗೆ ಇದನ್ನೇ ಹಾಕಿಕೊಡುತ್ತೇನೆ. ತೆರೆದರೆ ಬಹುತೇಕ ಆಪಾದಿತ ಒಬ್ಬನೇ, ವಾಟ್ಸ್‌ಆ್ಯಪ್‌ನ ಮೀಡಿಯಾ ಫೋಲ್ಡರ್, ಅದರಲ್ಲೂ ನೀವು ಇತರರಿಗೆ ಕಳುಹಿಸಿದವುಗಳ ಪ್ರತಿ ಕೂರುವ 'ಸೆಂಟ್' ಎಂಬ ಒಳಫೋಲ್ಡರ್. ಆಂಡ್ರಾಯ್ಡ್ 11ರಿಂದ ಅಲ್ಲೂ ಆ್ಯಪ್‌ಗಳ ಡೇಟಾ ಫೋಲ್ಡರ್‌ಗೆ ಬೀಗ ಬಿದ್ದಿದೆ. ಸಿಂಬಿಯನ್ ಸುಮಾರು 15 ವರ್ಷ ಮೊದಲೇ ಮಾಡಿದ್ದನ್ನು ನಿಧಾನವಾಗಿ ಮಾಡಿದರು ಎಂದು ನಗು ಬರುತ್ತದೆ.

ನಿಮ್ಮ ಮನೆಯ ಕಪಾಟಿನಲ್ಲಿ ಒಂದು ಹಳೆಯ ನೋಕಿಯಾ ಇದ್ದರೆ ಮೊದಲು ಕಾರ್ಡನ್ನು ಕಂಪ್ಯೂಟರಿನಲ್ಲಿ ಪೂರ್ತಿ ನಕಲು ಮಾಡಿಟ್ಟುಕೊಳ್ಳಿ. ಆ ಕಾಲದ ಕಾರ್ಡುಗಳು ಹೇಳದೆ ಕೇಳದೆ ಸಾಯುತ್ತವೆ. ಎಕ್ಸ್-ಪ್ಲೋರ್ ಹಾಕುವುದು ಆಮೇಲೆ. ಸೆಟಿಂಗ್‌ಗೆ ಹೋಗಿ ಅಡಗಿಸಿದ ಕಡತಗಳನ್ನು ತೋರಿಸು ಎಂಬುದನ್ನು ಆರಿಸಿಕೊಳ್ಳಿ. ಚಿತ್ರಗಳ ಫೋಲ್ಡರ್‌ನಲ್ಲಿ '_ಪಿಎಎಲ್‌ಬಿಟಿಎನ್' ಎಂಬ ಹೆಸರಿನ ಒಳಫೋಲ್ಡರ್‌ಗಳು ಕಾಣುತ್ತವೆ. ಗ್ಯಾಲರಿ ತನ್ನ ಅನುಕೂಲಕ್ಕೆ ಮಾಡಿಟ್ಟುಕೊಂಡ ಪುಟ್ಟ ಚಿತ್ರಗಳು (ಥಂಬ್‌ನೇಲ್) ಅವು, ಧೈರ್ಯವಾಗಿ ಅಳಿಸಿ, ಬೇಕಾದರೆ ಫೋನ್ ಮತ್ತೆ ಮಾಡಿಕೊಳ್ಳುತ್ತದೆ. ರೆಕಾರ್ಡಿಂಗ್‌ಗಳು ಧ್ವನಿ ಫೋಲ್ಡರ್‌ನ ಒಳಗೆ 'ಡಿಜಿಟಲ್' ಎಂಬಲ್ಲಿರುತ್ತವೆ, ಅದನ್ನು ಮುಟ್ಟಬೇಡಿ. ಝಡ್ ಅನ್ನು ಪಟ್ಟಿಯಿಂದ ತೆಗೆದುಬಿಡಿ. ಅಲ್ಲಿ ಅಳಿಸಲಿಕ್ಕೆ ನಿಮಗೆ ಏನೂ ಸಿಗುವುದಿಲ್ಲ.